ಮುತ್ತಲ ಎಲೆಯಲ್ಲಿ ಉಂಡ ಪರಿಸರ ಹಬ್ಬ

ಎಂಬತ್ತರ ದಶಕದ ಕೊನೆಗೆ ನಾನು ದುಮ್ಮವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದೆ. ಆ ವರ್ಷ ಶಾಲೆಯಲ್ಲಿ ಪರಿಸರ ಹಬ್ಬ ಮಾಡಿ, ಊರಿಗೆಲ್ಲ ಊಟ ಹಾಕುವುದೆಂದು ನಿಶ್ಚಯವಾಗಿ ಜವಾಬ್ದಾರಿ ನನ್ನ ಮೇಲೆ ಬಿತ್ತು. ‘ಕಸ ಮಾಡಬೇಡಿ’ ಎಂದು ನಾಲ್ಕು ಪುಟ ಭಾಷಣ ಬರೆದೆ. ಊಟ ನೋಡಲು ಚೆಂದವಿರಲೆಂದು ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ತಟ್ಟೆ, ಲೋಟ ತರಿಸಿದೆ. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ.

ಅಂಗಳ ಸಾರಿಸಲು ಬಂದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಆ ತಟ್ಟೆ-ಲೋಟದ ಗಂಟು ನೋಡಿದರು. ಎಮ್ಮೆ ಸಾಕಿ ಮನೆ ನಡೆಸುತ್ತಿದ್ದ ಹೆಂಗಸು.

“ಅಕ್ಕೋರ, ಉಂಡ ಮ್ಯಾಲ ಇವನ್ನ ಏನ್ ಮಾಡ್ತೀರಿ?”

“ತಗ್ಗು ತೋಡಿ ಹುಗಿಯೂದು.”

“ಹುಗದ್ರ ಕೊಳೀತಾವೇನ್ರಿ?”

ಇಲ್ಲವೆಂದು ತಲೆಯಾಡಿಸಿದೆ.

“ಮತ್ತ ಈ ಹಬ್ಬ ಯಾಕ್ರಿ?”

ಮುಖ ಬಿಸಿಯಾಯಿತು. ಆದರೆ ಅವರ ದನಿಯಲ್ಲಿ ಕುಹಕವಿರಲಿಲ್ಲ. “ನೀವ ಹೇಳ್ರಿ, ಏನ್ ಮಾಡೂಣು?” ಎಂದೆ.

ಮರುದಿನ ಅವರು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಅಡವಿಗೆ ಹೋಗಿ ಮುತ್ತಲ ಎಲೆ ತಂದರು. ಮೂರು ದಿನ ಶಾಲೆಯ ಪಡಸಾಲೆಯಲ್ಲಿ ಕೂತು ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚಿದೆವು. ಪ್ಲಾಸ್ಟಿಕ್ ಗಂಟು ಅಂಗಡಿಗೆ ವಾಪಸಾಯಿತು. ನೀರು ಕುಡಿಯಲು ಮನೆಯಿಂದಲೇ ಚರಿಗೆ ತರಬೇಕೆಂದು ಡಂಗುರ ಹೊಡೆಸಿದೆವು.

ಹಬ್ಬದ ದಿನ ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ, ಅನ್ನ. ಉಂಡೆದ್ದ ಮೇಲೆ ತಾಲೂಕಿನಿಂದ ಬಂದಿದ್ದ ಅಧಿಕಾರಿ ಎಲೆ ಹಿಡಿದುಕೊಂಡು ಕಸದ ಬುಟ್ಟಿ ಹುಡುಕತೊಡಗಿದರು. ಆ ತಾಯಿ ಕೈಚಾಚಿದರು.

“ಇತ್ತ ಕೊಡ್ರಿ ಸಾಹೇಬ್ರ. ಉಳಿದ ಅನ್ನ ಎಮ್ಮಿಗೆ, ಎಲಿ ತಿಪ್ಪಿಗೆ, ಒಲಿ ಬೂದಿ ಭಾಂಡಿ ತಿಕ್ಕಾಕ. ಒಗಿಯೂದು ಏನೂ ಇಲ್ರಿ.”

ಅಧಿಕಾರಿ ಸುತ್ತ ಕಣ್ಣಾಡಿಸಿದರು. ಊರಿಗೂರೇ ಉಂಡ ಅಂಗಳದಲ್ಲಿ ಚೂರೂ ಕಸವಿರಲಿಲ್ಲ. “ಅಗದಿ ಚಲೋ ಮಾಡೀರಿ ಅಕ್ಕೋರ,” ಎಂದು ನನ್ನನ್ನು ಹೊಗಳಿದರು.

ನಾನಲ್ಲವೆಂದೆ. ಭಾಷಣದ ಹಾಳೆ ಮಡಚಿಟ್ಟು, ಆ ತಾಯಿಯನ್ನೇ ವೇದಿಕೆ ಹತ್ತಿಸಿದೆ. ಅವರು ಸೆರಗು ಸರಿಪಡಿಸಿಕೊಂಡು, ದೂರದ ಎಮ್ಮೆ ಕರೆಯುವಷ್ಟು ದೊಡ್ಡ ದನಿಯಲ್ಲಿ, ಸಾಹೇಬರಿಗೆ ಹೇಳಿದ್ದನ್ನೇ ಊರಿಗೂ ಹೇಳಿದರು. ಎರಡು ನಿಮಿಷ, ಅಷ್ಟೇ. ಚಪ್ಪಾಳೆಯ ನಡುವೆ ಮಗಳು ಎದ್ದು ನಿಂತು, “ಅಕಿ ನಮ್ಮವ್ವ!” ಎಂದು ಕೂಗಿದಳು. ನಾನು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ಮರುವರ್ಷ ಪಕ್ಕದೂರಿನವರು ಇಂಥದೇ ಹಬ್ಬ ಮಾಡಿದಾಗ ಕರೆ ಬಂದದ್ದು ಆ ತಾಯಿಗೆ. ಚಕ್ಕಡಿಯಲ್ಲಿ ಅವರ ಬಾಜು ಕೂತು ನಾನೂ ಹೋದೆ. ಅಲ್ಲಿ ಯಾರೋ, “ಇವ್ರು ಯಾರ್ರಿ?” ಎಂದು ನನ್ನತ್ತ ಕೈ ಮಾಡಿದರು.

“ನಮ್ಮ ಅಕ್ಕೋರ್ರಿ,” ಎಂದರು ಅವರು. “ಕೇಳಿ ಕಲಿಯೂ ಮಂದಿ.”

ನೌಕರಿಯಲ್ಲಿ ಆಮೇಲೆ ಎಷ್ಟೋ ಸಲ ಶಾಲು ಹೊದಿಸಿಕೊಂಡಿದ್ದೇನೆ. ಅಂದಿನಷ್ಟು ಎದೆ ಉಬ್ಬಿದ್ದು ನೆನಪಿಲ್ಲ.