ಬಟ್ಟಲಿಗೊಂದು ಅಂಗಿ

ನನ್ನ ಗಂಡ ತೀರಿಕೊಂಡು ತಿಂಗಳುಗಳು ಕಳೆದಿದ್ದರೂ ಅವರ ಪಂಚೆಗಳು ಪ್ರತಿ ಸೋಮವಾರ ಹಿತ್ತಿಲಿನ ಹಗ್ಗದ ಮೇಲೆ ಒಣಗುತ್ತಿದ್ದವು. ಒಗೆಯುತ್ತಿದ್ದವರು ನನ್ನ ಅತ್ತೆ. ಉಟ್ಟವರಿಲ್ಲ, ಕೊಳೆಯಾದದ್ದಿಲ್ಲ. ಆದರೂ ಟ್ರಂಕಿನಿಂದ ತೆಗೆದು, ನೆನೆಸಿ, ನೀಲಿ ಹಾಕಿ, ಹಿಂಡಿ, ಹರವಿ, ಸಂಜೆ ಮಡಿಸಿ ಮತ್ತೆ ಟ್ರಂಕಿಗೆ ಸೇರಿಸುತ್ತಿದ್ದರು. ನಾನು ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಾಗ ಗಾಳಿಗೆ ಪಂಚೆ ಅಲುಗಿದರೆ ಅವರೇ ಬಂದರು ಅನ್ನಿಸುತ್ತಿತ್ತು. ಅರೆಗಳಿಗೆ ಅಷ್ಟೇ. ಆಮೇಲೆ ಇಡೀ ದಿನ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ಪಂಚೆಗಳು ಈ ಮನೆಯಿಂದ ಹೋದರೆ ಸಾಕು ಎಂದು ನನಗೆ. ಒಂದೂ ಹೋಗಬಾರದು ಎಂದು ಅತ್ತೆಗೆ. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಶಿಕಾರಿಪುರದಲ್ಲಿ ನಮ್ಮದು ಬಾಡಿಗೆ ಮನೆ. ನನ್ನ ಗಂಡ ಪೇಟೆಯ ಜವಳಿ ಅಂಗಡಿಯಲ್ಲಿ ಬಟ್ಟೆ ತೋರಿಸುವ ಕೆಲಸಕ್ಕಿದ್ದರು. ಒಂದು ಮಧ್ಯಾಹ್ನ ಗಿರಾಕಿಯ ಮುಂದೆ ಸೀರೆ ಬಿಚ್ಚುತ್ತಿದ್ದವರು ಎದೆ ಹಿಡಿದು ಕೂತರು, ಏಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ನಾನೂ ಅತ್ತೆಯೂ ಉಳಿದೆವು. ನಾನು ಮೊದಲಿನಿಂದಲೂ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ, ಸೀರೆಗೆ ಫಾಲ್ಸ್ ಹಚ್ಚುತ್ತಿದ್ದೆ. ಅದೇ ಮುಂದುವರಿಯಿತು. ಆದರೆ ಮಿಷನ್ನಿನ ಮುಂದೆ ಕೂತರೆ ಎರಡು ಹೊಲಿಗೆಗೆ ಏಳುತ್ತಿದ್ದೆ. ನೀರು ಕುಡಿಯುತ್ತಿದ್ದೆ. ಬಾಗಿಲಿಗೆ ಹೋಗಿ ಬರುತ್ತಿದ್ದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ಜವಳಿ ಅಂಗಡಿಗಳಿದ್ದ ಬೀದಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ದಾರದ ಉಂಡೆ ಬೇಕಾದರೂ ಬೇರೆ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಮನಸ್ಸು ತೀರಾ ಕೆಟ್ಟಾಗ ಬಸ್ಸು ಹತ್ತಿ ಸೊರಬದಲ್ಲಿದ್ದ ತಂಗಿಯ ಮನೆಗೆ ಹೋಗುತ್ತಿದ್ದೆ. ಅಲ್ಲಿ ಕೂತರೆ ಶಿಕಾರಿಪುರದಲ್ಲಿ ಏನೋ ಮರೆತು ಬಂದ ಹಾಗೆ. ಊಟ ಮುಗಿಸಿ ವಾಪಸು ಬಸ್ಸು ಹತ್ತುತ್ತಿದ್ದೆ. ಮನೆಗೆ ಬಂದರೆ ಸೊರಬದಲ್ಲಿ ಏನೋ ಬಿಟ್ಟು ಬಂದ ಹಾಗೆ.

ತಂಗಿಯ ಗಂಡನದು ಫ್ಯಾನು, ಮಿಕ್ಸಿ ಮಾರುವ ಅಂಗಡಿ. ಆ ವರ್ಷ ಫ್ಯಾನು ಹೆಚ್ಚು ಮಾರಿದ್ದಕ್ಕೆ ಕಂಪನಿಯವರು ಅವನಿಗೆ ಒಂದು ಮೈಕ್ರೋವೇವ್ ಕೊಟ್ಟಿದ್ದರು. ಅವರ ಓಣಿಯಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಟಿವಿಯ ಪಕ್ಕ ಹಾಲ್‌ನಲ್ಲೇ ಇಟ್ಟಿದ್ದರು. ಬಂದವರೆಲ್ಲ ಒಳಗೆ ಬಗ್ಗಿ ನೋಡಿ, "ಬೆಂಕಿ ಎಲ್ಲೈತೆ?" ಎಂದು ಕೇಳುತ್ತಿದ್ದರು. ತಂಗಿ ಅದರಲ್ಲಿ ಸಾರು, ಹಾಲು ಬಿಸಿಮಾಡುತ್ತಿದ್ದಳು. ಪಿಂಗಾಣಿ ಬಟ್ಟಲು ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತಿತ್ತು. ಇಕ್ಕಳಕ್ಕೆ ಸಿಗದು, ಸೆರಗಿನಲ್ಲಿ ಹಿಡಿದರೆ ಜಾರುವುದು. ಅವಳ ಎರಡು ಬೆರಳಿಗೆ ಬೊಬ್ಬೆ ಬಂದಿದ್ದವು.

"ಅಕ್ಕ, ಎಂತ ನಿಂತ್ಕಂಡೇ ಇದೀಯೆ? ಕೂತ್ಕಾ ಮಾರಾಯ್ತಿ," ಎಂದು ಒಂದು ಚಿತ್ರ ಮುಂದೆ ಹಿಡಿದಳು. ಮೈಕ್ರೋವೇವಿನ ಜೊತೆ ಬಂದಿದ್ದ ಅಡುಗೆಯ ಪುಸ್ತಕದ್ದು ಅದು. ಚಿತ್ರದಲ್ಲಿ ಬಟ್ಟೆಯದೊಂದು ಗೂಡು, ಅದರೊಳಗೆ ಬಟ್ಟಲು, ನಾಲ್ಕು ಕಡೆ ಹಿಡಿಯಲು ಕಿವಿಗಳು. "ಹೀಗೆ ಹೊಲಿದು ಕೊಡು. ಬಟ್ಟಲ ಸಮೇತ ಒಳಗಿಡದು, ಕಿವಿ ಹಿಡಿದು ಹೊರಗೆ ತೆಗಿಯದು."

"ಬಟ್ಟಲಿಗೂ ಅಂಗಿ ಹೊಲಿಸ್ತೀಯಲ್ಲೇ. ಇನ್ನು ಸೌಟಿಗೆ ಚಡ್ಡಿ ಕೇಳ್ತಿ."

"ಕೇಳ್ತೀನಿ, ಹೊಲಿ. ಮನೇಲಿ ಕೂತು ಎಂತ ಮಾಡ್ತೀಯ?"

ನನ್ನ ಕೈಗೆ ಏನಾದರೂ ಕೊಡಬೇಕೆಂದೇ ಅವಳು ಅದನ್ನು ಹುಡುಕಿದ್ದಳು ಎಂದು ನನಗೆ ತಿಳಿಯಿತು. ತಿಳಿಯದವಳ ಹಾಗೆ ಚಿತ್ರ ನೋಡಿದೆ.

ಅವಳ ಗಂಡ ಎಚ್ಚರಿಕೆ ಹೇಳಿದ. "ಅಕ್ಕಾ, ನೈಲಾನ್, ಟೆರಿಕಾಟ್ ಒಳಗೆ ಹೋಗಂಗಿಲ್ಲ, ಕರಗ್ತದೆ. ದಾರನೂ ಹತ್ತಿದೇ ಬೇಕು. ಲೋಹದ್ದು ಚೂರೂ ಇರಬಾರದು. ಗುಂಡಿ, ಹುಕ್ಕು ಏನೂ ಹಚ್ಚಬ್ಯಾಡಿ."

ಮನೆಗೆ ಬಂದವಳೇ ಬಟ್ಟೆ ಹುಡುಕಲು ಕೂತೆ. ಹತ್ತಿ ಹೌದೋ ಅಲ್ಲವೋ ಎಂದು ನೋಡುವುದನ್ನು ನನ್ನ ಗಂಡ ತೋರಿಸಿಕೊಟ್ಟಿದ್ದರು. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಅಲ್ಲವಾದರೆ ಮುದುರಿ, ಕೊನೆಗೆ ಗಟ್ಟಿ ಮಣಿಯಂತಾಗಿ ಬೆರಳಿಗೆ ಅಂಟುತ್ತದೆ. ದೀಪ ಹಚ್ಚಿಟ್ಟುಕೊಂಡು ಮನೆಯಲ್ಲಿದ್ದುದನ್ನೆಲ್ಲ ಸುಟ್ಟು ನೋಡಿದೆ. ರವಿಕೆಯ ತುಂಡುಗಳು, ನನ್ನ ದಿನದ ಸೀರೆಗಳು, ದಿಂಬಿನ ಚೀಲ, ಹೊದಿಕೆ, ಕಿಟಕಿಯ ಪರದೆ. ಎಲ್ಲ ಮಣಿ, ಮಣಿ, ಮಣಿ. ಅಷ್ಟು ವರ್ಷ ಬಟ್ಟೆಯ ಅಂಗಡಿಯಲ್ಲಿದ್ದವರ ಹೆಂಡತಿಯಾಗಿದ್ದೂ ನಾವು ಉಡುತ್ತಿದ್ದುದು ಹೆಚ್ಚಿನಂಶ ನೈಲಾನೇ ಎಂದು ಅಂದು ಗೊತ್ತಾಯಿತು. ಒಗೆಯಲು ಸುಲಭ, ಇಸ್ತ್ರಿ ಬೇಡ ಎಂದು ನಾನೇ ಕೇಳಿ ತರಿಸಿಕೊಂಡಿದ್ದೆ. ಅವರು ಮಾತ್ರ ಹತ್ತಿಯ ಬಿಳಿ ಪಂಚೆ ಬಿಟ್ಟು ಬೇರೆ ಉಡಲಿಲ್ಲ.

ಹೊಸ ಹತ್ತಿ ಬಟ್ಟೆ ಕೊಳ್ಳಬಹುದಿತ್ತು. ಅದಕ್ಕೆ ಆ ಬೀದಿಗೆ ಹೋಗಬೇಕಿತ್ತು. ಅಲ್ಲದೆ ಹೊಸದಕ್ಕೆ ಗಂಜಿ ಇರುತ್ತದೆ, ಹೊಲಿದ ಮೇಲೆ ಕುಗ್ಗುತ್ತದೆ, ಒಗೆದು ಒಗೆದು ಮೆತ್ತಗಾದದ್ದೇ ಇಂಥದಕ್ಕೆ ಒಳ್ಳೆಯದು ಎಂದು ಮನಸ್ಸಿಗೆ ಕಾರಣ ಹೇಳಿಕೊಂಡೆ.

ಅತ್ತೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ಎದುರಿಗೆ ಹೋಗಿ ನಿಂತೆ.

"ಅತ್ತೆ, ಟ್ರಂಕಿನಾಗಿನ ಪಂಚೆ ಎರಡು ಕೊಡ್ತೀರಾ?"

"ಯಾಕೆ?"

"ತಂಗಿ ಮನೇಗೆ ಬಿಸಿ ಬಟ್ಟಲು ಹಿಡಿಯೋಕೆ ಹೊಲೀಬೇಕು. ಚೊಕ್ಕ ಹತ್ತಿದೇ ಆಗ್ಬೇಕಂತೆ."

ಅವರು ಮೊರ ಕೆಳಗಿಟ್ಟರು. "ನನ್ನ ಮಗನ ಪಂಚೆ ಹರಿದು ಮಸಿಬಟ್ಟೆ ಮಾಡ್ತೀಯಾ?"

"ಮಸಿಬಟ್ಟೆ ಅಲ್ಲ ಅತ್ತೆ."

"ಬಿಸಿ ಪಾತ್ರೆ ಹಿಡಿಯೋದು ಮಸಿಬಟ್ಟೆ ಅಲ್ದೆ ಏನು, ಪೀತಾಂಬರಾನಾ? ನಿಂಗೆ ಅವನ ಬಟ್ಟೆ ಕಣ್ಮುಂದೆ ಇರೋದು ಬ್ಯಾಡ. ಅದನ್ನ ಹೇಳು. ಬಟ್ಟಲ ಕತಿ ಹೇಳಬ್ಯಾಡ."

ಅವರು ಹೇಳಿದ್ದು ನಿಜವಾಗಿತ್ತು.

"ಹರಿಯೋದಿದ್ರೆ ನಿನ್ನ ಸೀರೆ ಹರಿ. ಯಾರು ಬ್ಯಾಡ ಅಂದ್ರು?" ಎಂದು ಮತ್ತೆ ಬೇಳೆಗೆ ಕೈ ಹಾಕಿದರು.

ಹತ್ತಿಯದು ಎಂದರೆ ನನ್ನದೊಂದೇ ಸೀರೆ ಇತ್ತು. ತಾಳಗುಂದದ ಹತ್ತಿರದ ತವರಿನಿಂದ ಕೊಟ್ಟಿದ್ದು, ಸಾಸಿವೆ ಬಣ್ಣದ್ದು, ಬೆರಳಗಲದ ಜರಿ ಅಂಚಿನದು. ಗಂಡ ಹೋದ ಮೇಲೆ ಆ ಅಂಚಿನದನ್ನು ಉಡುವುದು ನಿಂತಿತ್ತು. ಒಡಲಿನಿಂದ ಒಂದು ಎಳೆ ಕಿತ್ತು ಸುಟ್ಟೆ. ಬೂದಿಯಾಯಿತು. ಕತ್ತರಿ ತೆಗೆದುಕೊಂಡೆ.

ಹೊಲಿಗೆ ಕಷ್ಟದ್ದಲ್ಲ. ಎರಡು ಚೌಕ ಬಟ್ಟೆ, ನಡುವೆ ಹಳೆಯ ಹಾಸಿಗೆಯಿಂದ ತೆಗೆದು ಹಿಂಜಿದ ಹತ್ತಿ. ನಾಲ್ಕೂ ಬದಿಯ ಮಧ್ಯದಲ್ಲಿ ಚಿವುಟಿ ಹೊಲಿದರೆ ಚೌಕ ತಾನಾಗಿ ಕುಳಿಯಾಗುತ್ತದೆ, ಮೂಲೆಗಳು ಕಿವಿಯಂತೆ ಎದ್ದು ನಿಲ್ಲುತ್ತವೆ. ಹತ್ತಿ ಒಂದು ಕಡೆ ಸರಿಯದ ಹಾಗೆ ಮೇಲೆ ಅಡ್ಡಡ್ಡ ಗೆರೆ ಹೊಲಿಯಬೇಕು. ಬಟ್ಟಲಿನ ತಳಕ್ಕೆ ಸರಿಹೋಗಲಿಲ್ಲವೆಂದು ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಅವರು ಚಿಕ್ಕಂದಿನಿಂದ ಕೌದಿ ಹೊಲಿದವರು. ಹಳೆ ಸೀರೆ ಪದರ ಪದರ ಹಾಕಿ ಕೈಯಲ್ಲೇ ಹೊಲಿಯುವ ಕೈ ಅದು. ಕೊನೆಗೆ ತಡೆಯಲಾಗದೆ, "ಹಂಗೆ ಎಳೀಬ್ಯಾಡ, ಸುಕ್ಕಾಗ್ತೈತೆ," ಎಂದು ಹತ್ತಿರ ಬಂದರು. ಸಿದ್ಧವಾದುದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೆ ಅಂಚಿಲ್ಲ."

"ಬಟ್ಟಲಿಗೆ ಅಂಚು ಯಾಕೆ ಅತ್ತೆ?"

"ಅಂಚಿಲ್ಲದ್ದನ್ನ ಮುತ್ತೈದೆ ಮನಿಗೆ ಕೊಡ್ತಾರೇನೇ? ಅಂಚಿಲ್ಲದ ಬಟ್ಟೆ ಯಾರ ಮ್ಯಾಲೆ ಹೊದಿಸ್ತಾರೆ, ಗೊತ್ತಿಲ್ಲೇನು? ಅದೂ ನಿನ್ನ ಕೈಯಿಂದ, ಈ ವರ್ಷ."

ನಮ್ಮ ಕಡೆ ಒಂದು ಟವೆಲು ಕೊಡುವುದಿದ್ದರೂ ಬಣ್ಣದ ಗೆರೆಯಾದರೂ ಇರಬೇಕು. ಅಂಚಿಲ್ಲದ ಬಟ್ಟೆ ಹೊದಿಸುವುದು ಹೆಣಕ್ಕೆ. ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಸೀರೆಯಿಂದ ಕತ್ತರಿಸಿಟ್ಟಿದ್ದ ಅಂಚನ್ನೇ ತೆಗೆದು ಸುತ್ತಲೂ ಹಚ್ಚಿದೆವು. ನಾನು ಹಿಡಿದೆ, ಅತ್ತೆ ಕೈಹೊಲಿಗೆ ಹಾಕಿದರು. ನನ್ನ ಗಂಡ ತೀರಿಕೊಂಡ ಮೇಲೆ ನಾವಿಬ್ಬರೂ ಒಂದು ಕೆಲಸಕ್ಕೆ ಒಟ್ಟಿಗೆ ಕೈಹಚ್ಚಿದ್ದು ಅದೇ ಮೊದಲು. ಒಡಲಿನ ಎಳೆಯನ್ನು ಸುಟ್ಟು ನೋಡಿದ್ದ ನಾನು ಅಂಚಿನ ಎಳೆಯನ್ನು ನೋಡಲಿಲ್ಲ. ಜರಿಯನ್ನು ದೀಪಕ್ಕೆ ಹಿಡಿಯುವುದು ಲಕ್ಷಣವಲ್ಲ. ಜರಿ ಎಂದರೆ ಅಂಚು, ಅಂಚು ಎಂದರೆ ಸೀರೆಯದೇ ಭಾಗ. ಅದೊಂದು ಬೇರೆ ವಸ್ತು ಎಂದು ಇಬ್ಬರಿಗೂ ಅನ್ನಿಸಲೇ ಇಲ್ಲ.

ಅತ್ತೆ, "ನಾನೂ ಬರ್ತೀನಿ, ಬೆಂಕಿ ಇಲ್ಲದ ಒಲೆ ನೋಡ್ಬೇಕು," ಎಂದು ನನ್ನ ಜೊತೆ ಸೊರಬಕ್ಕೆ ಹೊರಟರು. ತಂಗಿ ಬಟ್ಟಲ ಅಂಗಿಯನ್ನು ಎತ್ತಿ ಎತ್ತಿ ನೋಡಿದಳು. "ಎಷ್ಟು ಚಂದ ಮಾಡಿದೀರಿ! ನನ್ನ ಮದುವೇಲೂ ನಂಗೆ ಇಂಥ ಅಂಚು ಇರ್ಲಿಲ್ಲ." ಸಾರಿನ ಬಟ್ಟಲನ್ನು ಅದರೊಳಗೆ ಕೂರಿಸಿ ಮೈಕ್ರೋವೇವಿನಲ್ಲಿಟ್ಟು ಗುಂಡಿ ಒತ್ತಿದಳು. ನಾವು ಮೂವರೂ ಗಾಜಿನ ಮುಂದೆ ಬಗ್ಗಿದೆವು.

ಒಂದು ಉಸಿರೆಳೆಯುವಷ್ಟರಲ್ಲಿ ಒಳಗೆ ಚಟಪಟ ಎಂದಿತು. ನೀಲಿ ಕಿಡಿಗಳು ಅಂಚಿನ ಸುತ್ತ ಓಡಿದವು. ಅತ್ತೆ "ಶಿವಶಿವಾ!" ಎಂದು ನನ್ನ ಮೊಣಕೈ ಹಿಡಿದರು. ತಂಗಿಯ ಗಂಡ ಒಳಗಿನಿಂದ ಓಡಿ ಬಂದು ಪ್ಲಗ್ಗು ಕಿತ್ತ. ಸುಟ್ಟ ವಾಸನೆ ಹಾಲ್ ತುಂಬ ಹರಡಿತು. ಬಾಗಿಲು ತೆಗೆದರೆ ಅಂಚು ಕಪ್ಪಾಗಿ ಸುರುಟಿಕೊಂಡಿತ್ತು. ಸಾರಿನ ಮೇಲೆ ಮಸಿ.

"ಲೋಹದ್ದು ಬ್ಯಾಡ ಅಂದಿದ್ದೆನಲ್ಲಕ್ಕಾ!"

"ಎಲ್ಲಿ ಹಚ್ಚೀನಿ? ಒಂದು ಗುಂಡೀನೂ ಇಲ್ಲ."

"ಜರಿ ಮತ್ತೆಂತದು? ಹೊಳೆಯೋದು ಯಾವುದರಿಂದ?"

ಒಲೆ ಹಾಳಾಗಿರಲಿಲ್ಲ. ಅದು ಗೊತ್ತಾದ ಮೇಲೆ ತಂಗಿ ನೆಲಕ್ಕೆ ಕೂತು ನಕ್ಕಳು. "ಅಕ್ಕಾ, ನನ್ನ ಸಾರಿಗೆ ಇನ್ನೊಂದ್ಸಲ ಒಗ್ಗರಣೆ ಹಾಕಿದ್ಯಲ್ಲೇ!" ನನಗೂ ನಗು ಬಂತು. ತಡೆಯಲು ಹೋದಷ್ಟೂ ಬಂತು. ಅಷ್ಟು ತಿಂಗಳಲ್ಲಿ ನನ್ನ ಗಂಟಲಿನಿಂದ ಅಂಥ ಸದ್ದು ಬಂದಿರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಸಿಟ್ಟೋ ಏನೋ ತಿಳಿಯಲಿಲ್ಲ. "ಅಂಚು ಹಚ್ಚು ಅಂದವಳು ನಾನು," ಎಂದರು ತಂಗಿಯ ಗಂಡನಿಗೆ.

"ಅಂಚಿರ್ಲಿ ಅಮ್ಮಾ, ಬರೀ ಬಣ್ಣದ ನೂಲಿಂದು ಹಚ್ಚಿ," ಎಂದ ಅವನು.

ಬಸ್ಸಿನಲ್ಲಿ ಅತ್ತೆ ಆ ಸುಟ್ಟ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು.

"ನಿನ್ನ ಸೀರೆ ಹಾಳಾತು," ಎಂದರು.

"ಇನ್ನೇನು ಉಡ್ತಿದ್ನಾ ಅತ್ತೆ."

"ಕಡೀಗೆ ಯಾವಾಗ ಉಟ್ಟಿದ್ದೆ?"

"ಅವರ ಜೊತೆ ಬಂದಳಿಕೆ ದೇವಸ್ಥಾನಕ್ಕೆ ಹೋದಾಗ."

ಅತ್ತೆಗೆ ಅದು ಗೊತ್ತಿರಲಿಲ್ಲ. ಸುಟ್ಟ ಅಂಚನ್ನು ಬೆರಳಿನಿಂದ ಉಜ್ಜಿದರು, ಕಪ್ಪು ಉದುರಿತು. ನಾನು ಕಿಟಕಿ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ.

ಮುಂದಿನ ಸೋಮವಾರ ಟ್ರಂಕು ತೆಗೆದ ಸದ್ದಾಯಿತು. ಬಕೆಟ್ಟಿನ ಸದ್ದು ಬರಲಿಲ್ಲ. ಅತ್ತೆ ಪಂಚೆಗಳನ್ನು ಎದೆಗೆ ಅವಚಿಕೊಂಡು ಬಂದು ಮಿಷನ್ನಿನ ಮೇಲೆ ಇಟ್ಟರು.

"ಇದಕ್ಕೆ ಜರಿ ಇಲ್ಲ. ನೂಲಿನ ಅಂಚೇ."

ನನಗೆ ಬೇಕಾಗಿದ್ದುದು ಅದೇ. ಮೇಲಿನ ಪಂಚೆ ಬಿಚ್ಚಿದೆ. ಕತ್ತರಿ ಹಿಡಿದೆ. ಕತ್ತರಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಎದ್ದು ನೀರು ಕುಡಿದು ಬಂದು ಕೂತೆ. ಆಗಲೂ ಆಗಲಿಲ್ಲ.

"ಯಾಕೆ?"

"ಆಗವಲ್ದು ಅತ್ತೆ."

"ಕೇಳಿದವಳು ನೀನೇ ಅಲ್ಲೇನು? ಕೊಡು ಇಲ್ಲಿ."

ಅವರು ಕತ್ತರಿಯಿಂದ ಅಂಚಿನಲ್ಲಿ ಸಣ್ಣ ಗಾಯ ಮಾಡಿದರು. ಎರಡೂ ಕೈಯಲ್ಲಿ ಹಿಡಿದು ಎಳೆದರು. ಪಂಚೆ ಎಳೆಯ ಹಾದಿಯಲ್ಲೇ ಸರ್ರನೆ ಈ ತುದಿಯಿಂದ ಆ ತುದಿಗೆ ಹರಿಯಿತು.

ನಾನು ತಲೆಯೆತ್ತಿದೆ. ಅವರೂ ಎತ್ತಿದರು. ಅದು ನನ್ನ ಗಂಡನ ಸದ್ದು. ಅಂಗಡಿಯಲ್ಲಿ ಅವರು ಬಟ್ಟೆಯನ್ನು ಪೂರ್ತಿ ಕತ್ತರಿಸುತ್ತಿರಲಿಲ್ಲ. ಅಳೆದು, ತುದಿಗೆ ಕತ್ತರಿ ತಾಗಿಸಿ, ಹೀಗೆಯೇ ಹರಿಯುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದರೆ ಮೆಟ್ಟಿಲು ಹತ್ತುವ ಮೊದಲೇ ಅದು ಕೇಳುತ್ತಿತ್ತು.

"ಅಂಗಡಿ ಸೇರಿದ ಹೊಸದ್ರಾಗೆ ಮನೇಲಿದ್ದ ಹಳೇ ಬಟ್ಟೆ ಎಲ್ಲಾ ಹರಿದು ಕಲಿತ," ಎಂದರು ಅತ್ತೆ. "ಸೊಟ್ಟ ಹೋಗ್ತಿತ್ತು. ನನ್ನ ಒಂದು ಒಳ್ಳೇ ಸೀರೆನೂ ಹರಿದಿದ್ದ. ಬೈದಿದ್ದೆ." ಕೈ ಚಾಚಿ, "ಇನ್ನೊಂದು ಕೊಡು," ಎಂದರು.

ಕೊಟ್ಟೆ. ಹರಿದರು. ಮತ್ತೊಂದನ್ನು ನಾನು ಹಿಡಿದೆ, ಅವರು ಎಳೆದರು. ತಂಗಿಗೆ ಬೇಕಾಗಿದ್ದುದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಸೊರಬದ ಅಷ್ಟೂ ಮನೆಯ ಬಟ್ಟಲುಗಳಿಗೆ ಸಾಲುವಷ್ಟು ಬಿಳಿಯ ತುಂಡುಗಳು ನಮ್ಮ ಸುತ್ತ ಬಿದ್ದಿದ್ದವು. ಆದರೂ ಇಬ್ಬರೂ ನಿಲ್ಲಿಸಲಿಲ್ಲ. ಪ್ರತಿ ಸಲ ಆ ಸದ್ದು ಮುಗಿದ ಕೂಡಲೇ ಮನೆ ಮೊದಲಿಗಿಂತ ಸುಮ್ಮನಾಗುತ್ತಿತ್ತು.

ಕೊನೆಗೆ ಒಂದು ಪಂಚೆ ಉಳಿಯಿತು. ಅತ್ತೆ ಅದನ್ನು ಕೈಗೆತ್ತಿಕೊಂಡು ಮಡಿಕೆಯನ್ನು ಸರಿಮಾಡಿ ನನ್ನ ಕಡೆ ಚಾಚಿದರು. "ಇದು ನಿನ್ನದು. ಹರಿ, ಇಟ್ಕೋ, ಏನಾದ್ರೂ ಮಾಡು."

ಅದನ್ನು ಹಿಡಿದುಕೊಂಡು ಎದ್ದೆ. ಟ್ರಂಕಿನ ಹತ್ತಿರ ಹೋದೆ, ಅಲ್ಲಿ ಇಡಲಿಲ್ಲ. ನನ್ನ ಸೀರೆಗಳ ಪಕ್ಕ ಇಟ್ಟು ಮತ್ತೆ ತೆಗೆದೆ. ಅಡಿಗೆಮನೆಗೂ ಹೋಗಿ ಬಂದೆ. ಇಷ್ಟು ತಿಂಗಳು ಈ ಬಟ್ಟೆ ಮನೆಯಿಂದ ಹೋಗಲಿ ಎಂದು ಕಾದವಳಿಗೆ, ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಎಷ್ಟು ತಿರುಗ್ತೀಯೇ," ಎಂದರು ಅತ್ತೆ ಹತ್ತಿಯ ಚೀಲ ಬಿಚ್ಚುತ್ತ. "ತೊಡಿ ಮ್ಯಾಲೆ ಇಟ್ಕಂಡು ಕೂತ್ಕೋ ಬಾ. ಹತ್ತಿ ಹಿಂಜೋದು ಬೇಕಾದಷ್ಟೈತೆ."

ಹೋಗಿ ಅವರ ಎದುರಿಗೆ ಕೂತೆ.