ಲೋಟ ಕುಕ್ಕುವ ಸಂಪ್ರದಾಯ

ಐದು ಲೋಟ ಬೆಲ್ಲದ ನೀರು ಖಾಲಿಯಾಗಿತ್ತು. ಆರನೆಯದು ಹಾಗೇ ಇತ್ತು. ಅದರ ಮುಂದೆ ಕೂತಿದ್ದ ಹೆಂಗಸು ಫೋನನ್ನು ಲೋಟಕ್ಕೆ ಗುರಿಯಿಟ್ಟುಕೊಂಡು ಏನನ್ನೋ ಕಾಯುತ್ತಿದ್ದಳು.

ಅವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಅಪ್ಸರಕೊಂಡ ಜಲಪಾತ ನೋಡಲು ಬಂದ ಪ್ರವಾಸಿಗಳು, ಗೇಟು ತೆರೆದು ನೇರ ಬಂದು ನಮ್ಮ ಜಗಲಿಯ ಮೇಲೆ ಕೂತಿದ್ದರು. ಆ ತಿಂಗಳು ಹೀಗೆ ಬಂದ ನಾಲ್ಕನೆಯ ಗುಂಪು ಅದು. ಅಮ್ಮ ಯಾರನ್ನೂ ಏಕೆ ಬಂದಿರಿ ಎಂದು ಕೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು ಆಸರಿಗೆ ಎಂತ ಬೇಕು ಎಂದು, ಅಂದರೆ ಬಾಯಾರಿಕೆಗೆ ಏನು ಕೊಡಲಿ ಎಂದು. ಬಂದ ಕಾರಣ ಕೇಳುವುದು ಲೋಟ ಖಾಲಿಯಾದ ಮೇಲೆ. ಈ ಜನ ಲೋಟ ಖಾಲಿ ಮಾಡಿ, ಕೈಮುಗಿದು, ಹೊರಟೇಬಿಡುತ್ತಿದ್ದರು. ಹೆದ್ದಾರಿ ಅಗಲವಾದ ಮೇಲೆ ಜನರಿಗೆ ಬಾಯಾರಿಕೆ ಹೆಚ್ಚಾಗಿದೆ ಎಂಬುದು ಅಮ್ಮನ ಅಂದಾಜು. ನಿಜವಾದ ಕಾರಣ ನನಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ.

ನಾನು ಭಟ್ಕಳದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷದಿಂದ ಹೆಸರು ಹಾಕದೆ ಒಂದು ಬ್ಲಾಗ್ ಬರೆಯುತ್ತಿದ್ದೆ. ಮನೆಯಲ್ಲಿ ಗೊತ್ತಾದರೆ ಬರೆಯುವುದು ಅಲ್ಲಿಗೆ ನಿಂತುಹೋಗುತ್ತದೆ ಎಂಬುದೊಂದೇ ನನ್ನ ಭಯವಾಗಿತ್ತು. ಅಮ್ಮ ಓದುತ್ತಾಳೆಂದು ತಿಳಿದುಬಿಟ್ಟರೆ ನನ್ನಿಂದ ಒಂದು ವಾಕ್ಯವೂ ನೆಟ್ಟಗೆ ಬರುವುದು ಸಾಧ್ಯವಿರಲಿಲ್ಲ. ಓದುಗರು ನಾಲ್ಕು ಮಂದಿ. ನಾಲ್ವರೂ ಅಭಿಪ್ರಾಯ ಬರೆದು ಕಳಿಸುತ್ತಿದ್ದುದರಿಂದ ಲೆಕ್ಕದಲ್ಲಿ ಗೊಂದಲವಿರಲಿಲ್ಲ.

ಒಂದು ಮಂಗಳವಾರ ಓದುಗರ ಸಂಖ್ಯೆ ಎರಡು ಸಾವಿರ ದಾಟಿತು. ಅರ್ಧ ದಿನ ಸಂತೋಷಪಟ್ಟೆ. ಮಧ್ಯಾಹ್ನ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಿಗೆ, ಗೆಳತಿಯೊಬ್ಬಳ ಬ್ಲಾಗ್ ಎಂದು ಸುಳ್ಳು ಹೇಳಿ ತೋರಿಸಿದೆ. ಇವರಲ್ಲಿ ಮನುಷ್ಯರು ಯಾರೂ ಇಲ್ಲ, ಎಐಗಳಿಗೆ ಉಣಿಸಲು ಇಡೀ ಇಂಟರ್ನೆಟ್ಟನ್ನು ಗುಡಿಸಿಕೊಂಡು ಹೋಗುವ ಬಾಟ್‌ಗಳು ಇವು ಎಂದರು ಅವರು. ಬೇಡವಾದರೆ ಬ್ಲಾಗಿನ ಬಾಗಿಲಲ್ಲಿ ಒಂದು ಸಣ್ಣ ಫೈಲ್ ಇಡಬಹುದಂತೆ, ದಯವಿಟ್ಟು ಒಳಗೆ ಬರಬೇಡಿ ಎಂದು. ಪಾಲಿಸುವುದು ಬಿಡುವುದು ಬಾಟ್‌ಗಳ ಇಷ್ಟ. ನಾನು ಫೈಲ್ ಇಟ್ಟೆ. ಮರುದಿನ ಮೂರು ಸಾವಿರ ಬಂದವು.

ಅವು ಒಯ್ದದ್ದರಲ್ಲಿ 'ಆಸರಿಗೆ' ಎಂಬ ಬರಹವೂ ಇತ್ತು. ಅದರಲ್ಲಿ ನಮ್ಮ ಯಾರ ಹೆಸರೂ ಇರಲಿಲ್ಲ. ಆದರೆ ವಿವರ ತಪ್ಪಬಾರದೆಂಬ ನನ್ನ ಚಟದಿಂದ ಬಸ್ ನಿಲ್ದಾಣ, ಅಲ್ಲಿಂದ ಎಷ್ಟನೆಯ ಗೇಟು, ಗೇಟಿನ ಬಣ್ಣ ಎಲ್ಲವೂ ಇತ್ತು. ತನಗೆ ಹಿಡಿಸದವರ ಮುಂದೆ ಅಮ್ಮ ಲೋಟವನ್ನು ಕುಕ್ಕಿ ಇಡುತ್ತಾಳೆಂದೂ, ಕುಮಟಾದಲ್ಲಿರುವ ಅಪ್ಪನ ಅಕ್ಕ ಬಂದರೆ ಎರಡು ಸಲ ಕುಕ್ಕುತ್ತಾಳೆಂದೂ ಇತ್ತು.

ಆ ದಿನ ಅಮ್ಮ ಆರು ಲೋಟಗಳನ್ನೂ ಮೆತ್ತಗೇ ಇಟ್ಟಿದ್ದಳು. ಫೋನು ಹಿಡಿದ ಹೆಂಗಸಿಗೆ ತಾಳ್ಮೆ ಮುಗಿಯಿತು.

"ಆಂಟಿ, ನೀವು ಲೋಟ ಕುಕ್ಕಲೇ ಇಲ್ಲ. ವಿಡಿಯೋಗೆ ಒಂದ್ಸಲ ಕುಕ್ತೀರಾ?"

"ಎಂತದು?" ಎಂದಳು ಅಮ್ಮ.

ಹೆಂಗಸು ತನ್ನ ಫೋನಿನ ಎಐ ಕೊಟ್ಟ ಉತ್ತರವನ್ನು ಓದಿದಳು. ಇದು ಆಸರಿಗೆ ಎಂಬ ಉಚಿತ ಪಾನೀಯ ಕೇಂದ್ರ. ಲೋಟವನ್ನು ಕುಕ್ಕಿ ಇಡುವುದು ಇಲ್ಲಿಯ ಸಾಂಪ್ರದಾಯಿಕ ಸ್ವಾಗತ. ಕುಮಟಾದಿಂದ ಬಂದ ಹಿರಿಯರಿಗೆ ಗೌರವಾರ್ಥವಾಗಿ ಎರಡು ಸಲ ಕುಕ್ಕಲಾಗುತ್ತದೆ.

"ನಾವು ಟ್ರೇನ್ ಇಳಿದಿದ್ದು ಕುಮಟಾದಲ್ಲೇ," ಎಂದು ಗುಂಪಿನ ಹಿರಿಯರೊಬ್ಬರು ಸಂಕೋಚದಿಂದ ಸೇರಿಸಿದರು.

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಆರನೆಯ ಲೋಟವನ್ನು ಎತ್ತಿ ಎರಡು ಸಲ ಕುಕ್ಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವರ ಕಾರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಇದು ನೀ ಬರದ್ದಾ?"

"ಹೌದು."

"ಕುಮಟೆ ಅತ್ತಿಗೆ ಫೋನಿಗೂ ಬತ್ತಾ?"

"ಕೇಳಿದ್ರೆ ಬತ್ತು."

ಅಮ್ಮ ಲೋಟಗಳನ್ನು ಒಂದರೊಳಗೊಂದು ಸೇರಿಸಿದಳು. "ಎರಡು ಸಲ ಕುಕ್ಕದಿಲ್ಲೆ. ಎರಡನೇದು ಬೆಲ್ಲದ ಡಬ್ಬಿ ಮುಚ್ಚಳದ ಸದ್ದು."

ಮೂರು ವರ್ಷದಲ್ಲಿ ನನ್ನ ಬರಹದಲ್ಲಿ ಯಾರೂ ತಪ್ಪು ಹಿಡಿದಿರಲಿಲ್ಲ. ಸಿಕ್ಕಿಬಿದ್ದದ್ದಕ್ಕಿಂತ ಮುಚ್ಚಳವನ್ನು ಗಮನಿಸದೇ ಹೋದದ್ದು ನನಗೆ ಹೆಚ್ಚು ನಾಚಿಕೆಯೆನಿಸಿತು.

ಅದನ್ನು ತೆಗೆದುಹಾಕು ಎಂದಳು. ನಾನು ತೆಗೆದರೆ ಓದುವ ನಾಲ್ಕು ಜನರಿಗೆ ಮಾತ್ರ ಇಲ್ಲವಾಗುತ್ತದೆ, ಒಯ್ದವರ ಹತ್ತಿರ ಇದ್ದೇ ಇರುತ್ತದೆ ಎಂದು ವಿವರಿಸಿದೆ. ಕೇಳಿದರೂ ತಿರುಗಿ ಕೊಡುವುದಿಲ್ಲವೇ ಎಂದಳು. ಕೇಳಲು ಅಲ್ಲಿ ಯಾರೂ ಇಲ್ಲ ಎಂದೆ.

"ಆಸರಿಗೆ ಕುಡದವು ಲೋಟನಾದ್ರೂ ಬಿಟ್ಟಿಕ್ಕಿ ಹೋಗ್ತ," ಎಂದಳು ಅಮ್ಮ.

ಉಳಿದ ಬರಹಗಳಲ್ಲಿಯೂ ತಾನಿದ್ದೇನೆಯೇ ಎಂದು ಕೇಳಿದಳು. ಇನ್ನು ಏಳರಲ್ಲಿ ಎಂದೆ. ಸಂಖ್ಯೆಯನ್ನು ಒಂದು ಸಲ ತನ್ನಷ್ಟಕ್ಕೇ ಹೇಳಿಕೊಂಡು ಒಳಗೆ ಹೋದಳು. ಕೋಪವೋ ಅಲ್ಲವೋ ತಿಳಿಯಲಿಲ್ಲ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಬ್ಲಾಗನ್ನು ಪೂರ್ತಿ ಅಳಿಸಿದೆ. ನಾಲ್ವರಿಗೂ ಬೇರೆ ಬೇರೆಯಾಗಿ ಮೇಲ್ ಬರೆದು, ಇನ್ನು ಮುಂದೆ ಬರೆದದ್ದನ್ನು ಹೀಗೇ ಕಳಿಸುತ್ತೇನೆ ಎಂದು ತಿಳಿಸಿದೆ. ನನ್ನ ಹತ್ತಿರ ಉಳಿದ ಪ್ರತಿಯಲ್ಲಿ 'ಎರಡು ಸಲ' ಎಂದಿದ್ದಲ್ಲಿ ಮುಚ್ಚಳವನ್ನು ಸೇರಿಸಿದೆ. ಆಮೇಲೆ ಅಮ್ಮ ಇರುವ ಎಂಟೂ ಬರಹಗಳನ್ನು ಅವಳು ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡ ಅಕ್ಷರಕ್ಕೆ ಬದಲಿಸಿ, ಮುದ್ರಿಸಿ ತರಲೆಂದು ಪೆನ್ ಡ್ರೈವಿಗೆ ಹಾಕಿಕೊಂಡು ಭಟ್ಕಳದ ಬಸ್ಸು ಹತ್ತಿದೆ.