ಒಂದು ಬೆಡ್‌ಶೀಟಿನ ನಕ್ಷೆ

ಪುಟ್ಟಿ ಮಲಗಿದ್ದಾಳೆ. ಹಾಲು ಕುಡಿದು ಮಲಗಿದರೆ ಮಧ್ಯಾಹ್ನದ ಒಂದು ಗಂಟೆ ನನಗೆ ಸಿಗುತ್ತದೆ. ಇವತ್ತು ಒಗೆದ ಬಟ್ಟೆ ರಾಶಿ ಹಾಗೇ ಬಿದ್ದಿದೆ, ಬಿದ್ದಿರಲಿ. ಅವಳ ಅಜ್ಜಿ ಏನು ಮಾಡಿದರು ಎಂಬುದನ್ನು ಮರೆಯುವ ಮುಂಚೆ ಬರೆದಿಡಬೇಕು.

ಅವಳ ಅಜ್ಜಿ ಎಂದರೆ ನನ್ನ ಅತ್ತೆ. ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ನನ್ನ ಗಂಡ ಎರಡು ವರ್ಷದ ಕೂಸಾಗಿದ್ದಾಗ ಬಟ್ಟೆ ಮಡಚುವ ಕೆಲಸಕ್ಕೆ ಸೇರಿದವರು, ಈಗ ಹನ್ನೊಂದು ಜನರಿಗೆ ಹಿರಿಯರು. ಓದಿದ್ದು ಏಳನೇ ತರಗತಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವರ ರಾಜ್ಯ. ಗೋಡೆಯ ಈಚೆ ಕೊಳೆ ಬಟ್ಟೆ, ಆಚೆ ಒಗೆದ ಬಟ್ಟೆ, ಗೋಡೆಯೊಳಗೇ ಕೂರಿಸಿದ ಎರಡು ಬಾಗಿಲಿನ ಮೆಷಿನ್ನು. ಈ ಬಾಗಿಲಿಂದ ಹಾಕಿದ್ದನ್ನು ಆ ಬಾಗಿಲಿಂದಲೇ ತೆಗೆಯಬೇಕು. ಕೊಳೆಯ ಕಡೆಯವರು ಶುಚಿಯ ಕಡೆಗೆ ಕಾಲಿಟ್ಟರೆ ಅತ್ತೆಯ ಬಾಯಿಗೆ ಸಿಕ್ಕಂತೆಯೇ.

ಆದರೆ ಆ ಬಾಯಿ ಮೀಟಿಂಗಿನಲ್ಲಿ ಮಾತ್ರ ಬೀಗ ಹಾಕಿಕೊಂಡುಬಿಡುತ್ತಿತ್ತು. ಪ್ರತಿ ತಿಂಗಳೂ ಹೇಳಬೇಕಾದ್ದನ್ನೆಲ್ಲ ಮೊಣಕೈಗಿಂತ ಮೇಲೆ, ತೋಳಿನ ಒಳಬದಿಗೆ, ಬಾಲ್‌ಪೆನ್ನಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಅಂಗೈಯಲ್ಲಿ ಬರೆದರೆ ನೀರಿನ ಕೆಲಸಕ್ಕೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಳಿಸಿಹೋಗುತ್ತದಂತೆ. ಹತ್ತು ವಿಷಯ ತೋಳಲ್ಲಿರುತ್ತಿತ್ತು, ಬಾಯಿಂದ ಬರುತ್ತಿದ್ದದ್ದು "ಹಾಂ ಸಾರ್" ಒಂದೇ. ಸಂಜೆ ಪುಟ್ಟಿ ಆ ನೀಲಿ ಅಕ್ಷರಗಳನ್ನು ಬೆರಳಿಂದ ಕೆರೆಯುತ್ತಿದ್ದಳು.

ಎರಡು ತಿಂಗಳ ಹಿಂದೆ ಒಂದು ದಿನ ಅತ್ತೆ ಮನೆಗೆ ಬಂದವರೇ ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಕುಳಿತರು. ಬೆಳಿಗ್ಗೆ ವಾರ್ಡುಗಳಿಗೆ ಶೀಟು ಸಾಲುತ್ತಿಲ್ಲ, ರೋಗಿಗಳನ್ನು ಬರಿ ಹಾಸಿಗೆಯ ಪಕ್ಕ ನಿಲ್ಲಿಸಬೇಕಾಗಿದೆ ಎಂದು ದೂರು ಹೋಗಿತ್ತು. ಮುಂದಿನ ಮೀಟಿಂಗಿನಲ್ಲಿ ದಾರಿ ಕಾಣದಿದ್ದರೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ಕೊಟ್ಟು ಲಾಂಡ್ರಿ ಮುಚ್ಚುವುದಾಗಿ ಆಡಳಿತಾಧಿಕಾರಿ ಹೇಳಿದ್ದರು. ಹನ್ನೊಂದು ಜನ ನೆಲ ಒರೆಸಲು, ಗೇಟು ಕಾಯಲು ಚದುರಿಹೋಗಬೇಕು.

"ನನ್ನ ಕಥೆ ಬಿಡು, ರಿಟೈರ್ ಆಗೋಕೆ ಇನ್ನು ನಾಲ್ಕು ವರ್ಷ. ಆ ಇಸ್ತ್ರಿಯವಳು ಏನು ಮಾಡ್ತಾಳೆ? ರೋಲರ್ ಮುಂದೆ ನಿಂತ್ರೆ ರಾಣಿ ಹಾಗಿರ್ತಾಳೆ. ಅವಳ ಕೈಗೆ ಮಾಪು ಕೊಡೋದಾ?" ಎಂದರು.

ಆ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿತ್ತು. ಹೆರಿಗೆ ರಜೆಗೆ ಮುಂಚೆ ಆಫೀಸಿನಲ್ಲಿ ಮೈಂಡ್ ಮ್ಯಾಪ್ ಮಾಡುವ ಸಾಫ್ಟ್‌ವೇರ್ ಕಲಿತಿದ್ದೆ. ನಡುವೆ ಒಂದು ಮಾತು ಬರೆದು, ಅದರಿಂದ ಕೊಂಬೆ, ಕೊಂಬೆಯಿಂದ ರೆಂಬೆ ಎಳೆಯುತ್ತಾ ಹೋಗುವುದು. ಮಗು ಹುಟ್ಟಿದ ಮೇಲೆ ನನ್ನ ತಲೆ ಕೆಟ್ಟು ಕೆರ ಹಿಡಿದಿದ್ದಾಗ ಅದೇ ನನ್ನನ್ನು ಉಳಿಸಿತ್ತು. ನಡುವೆ 'ಪುಟ್ಟಿ'. ಸುತ್ತ ಹಾಲು, ನಿದ್ದೆ, ಲಸಿಕೆ, ಸ್ನಾನ. ನಿದ್ದೆಯ ತುದಿಗೆ 'ಎಡ ಹೆಗಲ ಮೇಲೆ ಮಾತ್ರ'.

"ಏನಮ್ಮ ಇದು, ಜೇಡ ಬಲೆ ಕಟ್ಟಿದ ಹಾಗೆ?"

"ತಲೇಲಿ ಇರೋದನ್ನೆಲ್ಲ ಹೊರಗೆ ಹರಡಿದೀನಿ ಅತ್ತೆ. ಒಂದೇ ನೋಟಕ್ಕೆ ಕಾಣ್ಲಿ ಅಂತ."

ಕನ್ನಡಕ ಹಾಕಿಕೊಂಡು ಕೊಂಬೆ ಕೊಂಬೆಯನ್ನೂ ಓದಿದರು. "ಇದ್ರಲ್ಲಿ ನಾನೆಲ್ಲಿ?"

ಸ್ನಾನದ ತುದಿಯಲ್ಲಿದ್ದ 'ಅಜ್ಜಿ' ತೋರಿಸಿದೆ.

"ಬರೀ ಸ್ನಾನಕ್ಕಾ ನಾನು?" ಎಂದು ಮುಖ ಊದಿಸಿದರೂ ಕಣ್ಣು ಪರದೆಯಿಂದ ಕೀಳಲಿಲ್ಲ. ಆಮೇಲೆ, "ಇದನ್ನ ಗೋಡೆ ಮೇಲೆ ದೊಡ್ಡದಾಗಿ ತೋರಿಸಬಹುದಾ? ಮೀಟಿಂಗಲ್ಲಿ?" ಎಂದು ಕೇಳಿದರು.

ಮರುದಿನದಿಂದ ಪಾಠ. ಅವರ ಪಾಳಿ ಎರಡಕ್ಕೆ ಮುಗಿಯುತ್ತದೆ, ಮೂರಕ್ಕೆ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಬೆರಳಲ್ಲಿ ಟೈಪ್ ಮಾಡಲು ಕೂರುತ್ತಿದ್ದರು. ಅಕ್ಷರ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಒಂದು ಕೊಂಬೆ ಉದ್ದವಾದರೆ ಅದನ್ನು ಮಡಚಿಡಬಹುದು ಎಂದು ನಾನು ತೋರಿಸಿಕೊಟ್ಟಾಗ ನಕ್ಕೇಬಿಟ್ಟರು. "ಮೂವತ್ತು ವರ್ಷದಿಂದ ಅದೇ ಕೆಲಸ. ಮಡಚೋದನ್ನ ನೀನು ನನಗೆ ಹೇಳ್ಕೊಡ್ತೀಯಾ?"

ವಾರ ಕಳೆಯುವುದರೊಳಗೆ ಮೊದಲ ನಕ್ಷೆ ಸಿದ್ಧವಾಯಿತು. ನಡುವೆ ಕೆಂಪು ಬಣ್ಣದಲ್ಲಿ 'ತಪ್ಪು ಯಾರದು?' ಎಂದಿತ್ತು. ಸುತ್ತ ಕೊಂಬೆಗಳು ಒಂದೇ ಎರಡೇ! ವಾರ್ಡಿನ ಸಿಸ್ಟರುಗಳು, ಟ್ರಾಲಿ ತಳ್ಳುವವರು, ಲಿಫ್ಟು, ಶೀಟು ಕೊಳ್ಳುವ ವಿಭಾಗ. ಎಲ್ಲರ ಹುಳುಕೂ ಅಲ್ಲಿತ್ತು. ಅತ್ತೆ ಗೆದ್ದವರಂತೆ ನನ್ನ ಮುಖ ನೋಡಿದರು.

ನನಗೆ ಸುಮ್ಮನಿರಲು ಆಗಲಿಲ್ಲ. "ಲಾಂಡ್ರಿ ಕೊಂಬೆ ಎಲ್ಲಿ ಅತ್ತೆ?"

ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರು. ಅವತ್ತು ಸಂಜೆಯೆಲ್ಲ ನನ್ನೊಡನೆ ಮಾತಿಲ್ಲ. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ, ಪುಟ್ಟಿಯನ್ನು ಎತ್ತಿಕೊಂಡು ಗಾಳಿಗೆ ಹೊರಟುಬಿಟ್ಟರು. ಜಾಣರು.

ಮರುದಿನ ಮಧ್ಯಾಹ್ನ ಅತ್ತೆಯೇ ಬಂದು ಪಕ್ಕದಲ್ಲಿ ಕುಳಿತರು. "ನಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೇಲಿರೋ ನೊಣ ಕಾಣತ್ತೆ ನೋಡು," ಎಂದು ಇಡೀ ನಕ್ಷೆಯನ್ನು ತಾವೇ ಅಳಿಸಿದರು. ಖಾಲಿ ಪರದೆಯ ನಡುವೆ, ಒಂದೊಂದೇ ಅಕ್ಷರ ಒತ್ತಿ, 'ಒಂದು ಬೆಡ್‌ಶೀಟು' ಎಂದು ಬರೆದರು. ಬೇರೇನೂ ಬರೆಯಲಿಲ್ಲ. "ಮಿಕ್ಕಿದ್ದನ್ನ ಮೀಟಿಂಗಲ್ಲೇ, ಎಲ್ಲರ ಬಾಯಿಂದ ಬರೆಸ್ತೀನಿ."

ಮೀಟಿಂಗಿನ ದಿನ ಲ್ಯಾಪ್‌ಟಾಪ್ ಹೊತ್ತು ನಾನೂ ಹೋದೆ, ಬಗಲಲ್ಲಿ ಪುಟ್ಟಿ. ಪ್ರೊಜೆಕ್ಟರಿಗೆ ವೈರು ಜೋಡಿಸಿ ಹಿಂದಿನ ಸಾಲಿನಲ್ಲಿ ಕೂತೆ. ಆರು ವಾರ್ಡಿನ ಸಿಸ್ಟರುಗಳು, ಟ್ರಾಲಿಯವರು, ಲಾಂಡ್ರಿಯ ಮೆಷಿನ್ ನಡೆಸುವಾತ ಎಲ್ಲರೂ ಬಂದಿದ್ದರು. ಮೆಷಿನ್ ಸದ್ದಿಗೆ ಕಿವಿ ಮಂದವಾಗಿ ಕೂಗಿಯೇ ಮಾತಾಡುವ ಆತನನ್ನು ಎಲ್ಲರೂ ಗುಡುಗು ಎನ್ನುತ್ತಾರೆ. ಮುಂದೆ ಆಡಳಿತಾಧಿಕಾರಿ, ಅವರ ಎದುರಿಗೆ ಹೊರಗಿನವರ ಕಾಗದಗಳಿದ್ದ ಫೈಲು.

ಅತ್ತೆ ಎದ್ದು ನಿಂತರು. "ಸಾರ್, ನಂಗೆ ಭಾಷಣ ಬರಲ್ಲ. ನೀವೆಲ್ಲ ಹೇಳಿ, ನಾನು ಬರೀತೀನಿ. ಹಾಸಿಗೆಯಿಂದ ಎದ್ದ ಈ ಶೀಟು ತಿರುಗಿ ಹಾಸಿಗೆಗೆ ಬರೋ ಹೊತ್ತಿಗೆ ಎಲ್ಲೆಲ್ಲಿ ಹೋಗತ್ತೆ?"

ಗುಡುಗು, "ಚೀಲಕ್ಕೆ!" ಎಂದು ಕೂಗಿದ್ದಕ್ಕೆ ಪುಟ್ಟಿ ಬೆಚ್ಚಿಬಿದ್ದಳು, ಎಲ್ಲರೂ ನಕ್ಕರು. ಚೀಲ ಗೋಡೆಯ ಮೇಲೆ ಮೂಡಿತು. ಟ್ರಾಲಿ ಎಂದರು ಒಬ್ಬರು, ಲಿಫ್ಟಿನ ಮುಂದೆ ಕಾಯುವುದು ಎಂದರು ಇನ್ನೊಬ್ಬರು. ತಮ್ಮ ಮಾತು ಕಣ್ಣೆದುರೇ ಕೊಂಬೆಯಾಗುವುದನ್ನು ಕಂಡು ಜನರಿಗೆ ಹುರುಪು ಬಂತು. ಅತ್ತೆಯ ಒಂದು ಬೆರಳು ನಿಧಾನ. ಆ ನಿಧಾನವೇ ಒಳ್ಳೆಯದಾಯಿತು. ಒಬ್ಬರ ಮಾತು ಬರೆದು ಮುಗಿಯುವ ತನಕ ಇನ್ನೊಬ್ಬರು ಯೋಚಿಸುತ್ತಿದ್ದರು.

ಆಮೇಲೆ ಅತ್ತೆ ಕೊಂಬೆಗಳ ಪಕ್ಕ ಲೆಕ್ಕ ಹಾಕಿದರು. ಆಸ್ಪತ್ರೆಯ ಪಟ್ಟಿಯಲ್ಲಿರುವ ಶೀಟು ಒಂಬೈನೂರು. ಹಾಸಿಗೆಗಳ ಮೇಲೆ ಮುನ್ನೂರು. ಒಗೆತದಲ್ಲಿ, ದಾರಿಯಲ್ಲಿ ಮುನ್ನೂರು.

"ಇನ್ನು ಮುನ್ನೂರು ಎಲ್ಲಿ?"

ಸಿಸ್ಟರುಗಳು ನೆಲ ನೋಡಿದರು. ಆಗ ಅತ್ತೆ ಲಾಂಡ್ರಿಯ ಕೊಂಬೆಯಿಂದ ಒಂದು ಹೊಸ ರೆಂಬೆ ಎಳೆದು ಬರೆದರು: 'ನನ್ನ ಬೀರು. ಇಪ್ಪತ್ತನಾಲ್ಕು.'

"ಇಪ್ಪತ್ತನಾಲ್ಕಾ! ನಮಗೇ ಗೊತ್ತಿಲ್ವಲ್ಲ!" ಗುಡುಗಿನ ದನಿಗೆ ಕಿಟಕಿ ಅದುರಿತು.

"ಯಾವತ್ತೋ ಒಂದಿನ ಬೇಕಾಗತ್ತೆ ಅಂತ ಬಚ್ಚಿಟ್ಟಿದ್ದೆ. ಮೂರು ವರ್ಷ ಆಯ್ತು."

ಪಟ್ಟಿ ತಪ್ಪಿಸಿ ಬಟ್ಟೆ ಇಟ್ಟುಕೊಂಡರೆ ನೋಟಿಸು ಕೊಡುತ್ತಾರೆಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಆಡಳಿತಾಧಿಕಾರಿ ಪೆನ್ನು ಕೆಳಗಿಟ್ಟರು. "ಮೇಲ್ವಿಚಾರಕಿಯೇ ಬಚ್ಚಿಟ್ರೆ ಹೇಗಮ್ಮ?"

"ಅದಕ್ಕೇ ಸಾರ್, ಮೊದಲು ನಂದೇ ಬರೆದೆ."

ನಾನು ಪುಟ್ಟಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದೆ. ಅಷ್ಟರಲ್ಲಿ ಎರಡನೇ ವಾರ್ಡಿನ ಹಿರಿಯ ಸಿಸ್ಟರ್, ಅತ್ತೆಯೊಡನೆ ದಿನಾ ಫೋನಿನಲ್ಲಿ ಜಗಳವಾಡುವವರು, ಮೆಲ್ಲಗೆ ಕೈ ಎತ್ತಿದರು. "ನಮ್ಮಲ್ಲೂ ಇದೆ, ಬರ್ಕೊಳ್ಳಿ ಅಕ್ಕ. ಔಷಧಿ ಕಪಾಟಿನ ಮೇಲೆ ನಲವತ್ತು. ಲಾಂಡ್ರಿಯವರು ಸರಿಯಾಗಿ ಕೊಡಲ್ಲ ಅಂತ ಹೆದರಿ ಎತ್ತಿಟ್ಟಿದ್ವಿ."

"ನೀವು ಎತ್ತಿಡ್ತೀರ ಅಂತಾನೇ ನಮಗೆ ಸಾಲ್ತಾ ಇರ್ಲಿಲ್ಲ ಸಿಸ್ಟರೇ," ಎಂದರು ಅತ್ತೆ. ಇಬ್ಬರಿಗೂ ನಗು ಬಂತು.

ಅಲ್ಲಿಂದ ಕಟ್ಟೆ ಒಡೆಯಿತು. ಮಕ್ಕಳ ವಾರ್ಡಿನಲ್ಲಿ ಅರವತ್ತು, ಎಕ್ಸ್‌ರೇ ಕೋಣೆಯ ಹಿಂದೆ ಮೂವತ್ತೈದು. ಒಬ್ಬರು ಮಾತ್ರ ನಮ್ಮಲ್ಲಿ ಒಂದೂ ಇಲ್ಲವೆಂದು ಕೇಳದೆಯೇ ಮೂರು ಸಲ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಕೊನೆಗೆ ಅವರದೂ ಐವತ್ತು ಹೊರಬಿತ್ತು. ಉಳಿದ ವಾರ್ಡುಗಳದ್ದೂ ಸೇರಿ ಲೆಕ್ಕ ಮುನ್ನೂರಕ್ಕೆ ಮುಟ್ಟಿತು. ಗೋಡೆಯ ಮೇಲೆ ಪ್ರತಿ ಕೊಂಬೆಯ ತುದಿಗೂ ಒಂದೊಂದು ಕಪಾಟು. ಶೀಟುಗಳಿಗೆ ಬರವೇ ಇರಲಿಲ್ಲ. ಬರ ಬಂದೀತೆಂಬ ಭಯ ಅವುಗಳನ್ನು ಕಪಾಟು ಸೇರಿಸಿತ್ತು.

ಆಡಳಿತಾಧಿಕಾರಿ ಎದುರಿಗಿದ್ದ ಫೈಲು ಮುಚ್ಚಿದರು. ಯಾರಿಗೂ ನೋಟಿಸು ಇಲ್ಲ, ಎಲ್ಲ ಶೀಟೂ ನಾಳೆಯೊಳಗೆ ಕೆಳಗೆ ಬರಬೇಕು, ಒಂದು ತಿಂಗಳು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಪ್ರತಿ ವಾರ್ಡಿಗೂ ಶೀಟು ಮುಟ್ಟಿದರೆ ಹೊರಗಿನವರ ಮಾತು ಬಿಡುತ್ತೇನೆ ಎಂದರು.

ಆ ತಿಂಗಳು ಅತ್ತೆ ನಕ್ಷೆಯನ್ನು ಲಾಂಡ್ರಿಯ ಗೋಡೆಗೆ ಅಂಟಿಸಿ, ಶೀಟು ಹಿಂದಿರುಗಿದ ಪ್ರತಿ ಕಪಾಟಿನ ಮೇಲೂ ಗೀಟು ಹಾಕಿದರು. ಒಂದು ದಿನ ಲಿಫ್ಟು ಕೆಟ್ಟಿತು. ಗುಡುಗು, ಇಸ್ತ್ರಿಯವಳು, ಅತ್ತೆ ಎಲ್ಲರೂ ಶೀಟಿನ ಕಟ್ಟು ಹೊತ್ತು ಮೆಟ್ಟಿಲು ಹತ್ತಿದರಂತೆ. ಮೂರನೇ ಮಹಡಿಯಿಂದ ಆ ಹಿರಿಯ ಸಿಸ್ಟರ್ ಇಳಿದು ಬಂದು ಅತ್ತೆಯ ಕೈಯಿಂದ ಅರ್ಧ ಕಟ್ಟು ಕಿತ್ತುಕೊಂಡರಂತೆ. ಏಳು ಗಂಟೆ ತಪ್ಪಲಿಲ್ಲ.

ನಿನ್ನೆ ಪತ್ರ ಬಂತು. ಲಾಂಡ್ರಿ ಉಳಿಯಿತು, ಹನ್ನೊಂದು ಜನರೂ ಅಲ್ಲೇ. ಅತ್ತೆ ಮನೆಗೆ ಬಂದು ಪತ್ರವನ್ನು ಎರಡು ಸಲ ಜೋರಾಗಿ ಓದಿಸಿಕೊಂಡರು. ಆಮೇಲೆ ಅಂಚಿಗೆ ಅಂಚು ಕೂಡಿಸಿ, ಒಂದು ನಿರಿಗೆಯೂ ಇಲ್ಲದ ಹಾಗೆ ಮಡಚಿ ನನ್ನ ಕೈಗಿಟ್ಟರು.

"ನಿನ್ನ ಡೈರೀಲಿ ಇಟ್ಕೋ."

"ನಿಮ್ಮ ಬೀರುವಲ್ಲೇ ಭದ್ರವಾಗಿರತ್ತೆ ಅತ್ತೆ."

"ಆ ಬೀರು ವಿಷ್ಯ ಮಾತ್ರ ಎತ್ತಬೇಡ ಕಣೇ," ಎಂದು ನನ್ನ ತಲೆಗೆ ಮೊಟಕಿ, ಪುಟ್ಟಿಯ ಸ್ನಾನಕ್ಕೆ ನೀರು ಕಾಯಿಸಲು ಎದ್ದರು.